ಸುಲಭದ ದಾರಿ

"ನಾನೊಬ್ಬನೇ ಹಾಕ್ಕೊಂಡೆ ಇಂಜಿನಿಯರಮ್ಮ, ಯಾರನ್ನೂ ಕರೀಲಿಲ್ಲ," ಎನ್ನುತ್ತ ದೋನ್ ಫ್ರೊಯ್ಲಾನ್ ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿದ ಹಸಿ ಚೀಸನ್ನು ರೆಮೆದಿಯೋಸಳ ಮೇಜಿನ ಮೇಲಿಟ್ಟರು. "ಅರವತ್ತೊಂಬತ್ತು ನಂಗೆ. ಹಸಿರು ಗುಂಡಿ ಒತ್ತಿ ಊಟಕ್ಕೆ ಕೂತೆ. ಏಳೋದ್ರೊಳಗೆ ಎಲ್ಲ ಮುಗಿದಿತ್ತು!"

ಇದನ್ನು ಹೇಳಲೆಂದೇ ಅವರು ತಮ್ಮೂರು ತರಾತಾದಿಂದ ಬೆಳಗಿನ ಬಸ್ಸಿಗೆ ಕೊಚಬಾಂಬಾ ನಗರಕ್ಕೆ ಬಂದಿದ್ದರು. ರೆಮೆದಿಯೋಸಳಿಗೆ ಮುಖವೆಲ್ಲ ನಗು. ಶಾಲೆಗಳಿಗೂ ಹಳ್ಳಿಯ ರೇಡಿಯೋಗಳಿಗೂ ಪುಕ್ಕಟೆ ಹಂಚುವ ಆಪರೇಟಿಂಗ್ ಸಿಸ್ಟಮ್ ಅವಳ ಕಚೇರಿಯದು. ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಕಾಣುವ ಪರದೆಗಳನ್ನು ರೂಪಿಸಿದವಳು ಅವಳು. ಮೊದಲ ಪರದೆಯಲ್ಲಿ ಎರಡೇ ಗುಂಡಿ: ಸುಲಭದ ದಾರಿ, ಬಲ್ಲವರ ದಾರಿ. ಬಲ್ಲವರಿಗೆ ಹತ್ತಾರು ಪ್ರಶ್ನೆ, ಸುಲಭದ ದಾರಿಯಲ್ಲಿ ಒಂದೂ ಇಲ್ಲ.

"ನೋಡಿದ್ಯಾ?" ಎಂದು ಅವಳು ಪಕ್ಕದ ಮೇಜಿನ ವಾಲ್ಟರನತ್ತ ಹುಬ್ಬು ಹಾರಿಸಿದಳು.

"ನೋಡಿದೆ ಮಹಾರಾಣಿ," ಎಂದ ಅವನು ತಲೆ ಎತ್ತದೆ.

"ಒಂದೇ ಒಂದು ಕೇಳ್ಬೇಕಿತ್ತು," ದೋನ್ ಫ್ರೊಯ್ಲಾನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಾಡುಗಳನ್ನ ಎಲ್ಲಿಟ್ಟಿದೆ ಅದು? ಹದಿನೈದು ದಿನದಿಂದ ಹುಡುಕ್ತಾ ಇದೀನಿ."

"ಯಾವ ಹಾಡು?"

ಹನ್ನೊಂದು ವರ್ಷ ಗುಡ್ಡ ಹತ್ತಿ ಇಳಿದು ಮುದುಕಿಯರ ಬಾಯಿಂದ ಅವರು ಧ್ವನಿಮುದ್ರಿಸಿಕೊಂಡಿದ್ದ ಹಾಡುಗಳು. ಅಲ್ಲಿನ ಗುಡ್ಡಗಾಡಿನ ಕೆಚುವಾ ಭಾಷೆಯವು. ಬಿತ್ತನೆಯವು, ಮಗುವನ್ನು ಮಲಗಿಸುವವು, ಸತ್ತವರನ್ನು ಕಳಿಸಿಕೊಡುವವು. ನಾನೂರಕ್ಕೂ ಮೇಲೆ, ಎಲ್ಲ ಅದೇ ಕಂಪ್ಯೂಟರಿನಲ್ಲಿ. ಭಾನುವಾರ ಭಾನುವಾರ ತಮ್ಮೂರಿನ ರೇಡಿಯೋದಲ್ಲಿ ಒಂದೊಂದನ್ನು ಕೇಳಿಸುತ್ತಿದ್ದರು. "ಹಾಡಿದೋರಲ್ಲಿ ಅರ್ಧಕ್ಕರ್ಧ ಈಗಿಲ್ಲ ಬಿಡಿ," ಎಂದರು.

ವಾಲ್ಟರನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು.

"ಬೇರೆ ಕಡೆ ನಕಲು ಇಟ್ಟಿದೀರಾ?" ಎಂದು ಕೇಳಿದಳು ರೆಮೆದಿಯೋಸ್.

"ನಕಲು ಯಾಕೆ? ಅಸಲೇ ಇದೆಯಲ್ಲ."

"ಗುಂಡಿ ಕೆಳಗೆ ಒಂದು ಸಾಲು ಇತ್ತು, ದೋನ್ ಫ್ರೊಯ್ಲಾನ್. ಸಣ್ಣಕ್ಷರದಲ್ಲಿ."

"ಓದದೆ ಬಿಡ್ತೀನಾ? ಮೂವತ್ತು ವರ್ಷ ಮೇಷ್ಟ್ರಾಗಿದ್ದೋನು. 'ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.' ಅಳಿಸಿಕೊಳ್ಳಲಿ, ನಿಮ್ಮ ಡಿಸ್ಕು ತಾನೇ ಅದು?" ಚೀಲದಿಂದ ಕಾಗದದ ಲಕೋಟೆ ತೆಗೆದು, ಕಚೇರಿಯವರು ಹಂಚಿದ್ದ ಹೊಳೆಯುವ ಸಿಡಿ ಬಿಲ್ಲೆಯನ್ನು ಅಂಚು ಹಿಡಿದು ಅವಳ ಮುಂದಿಟ್ಟರು. "ಒಂದು ಗೀರೂ ಬಿದ್ದಿಲ್ಲ. ಬೇರೆಯವರಿಗೆ ಬೇಕಾದ್ರೆ ಕೊಡಿ."

ಆ ಸಾಲು ಮೊದಲು ಸಾಲಾಗಿರಲಿಲ್ಲ, ಒಂದಿಡೀ ಪರದೆಯಾಗಿತ್ತು. ಪರೀಕ್ಷೆಗೆ ಕೂರಿಸಿದ ಇಪ್ಪತ್ತು ಶಿಕ್ಷಕರಲ್ಲಿ ಹನ್ನೊಂದು ಜನ ಅದನ್ನು ಕಂಡೊಡನೆ ಹೆದರಿ ಎದ್ದುಹೋದರು. ತೆಗೆಯೋಣ ಎಂದವಳು ರೆಮೆದಿಯೋಸ್. ವಾಲ್ಟರ್ ಒಂದು ವಾರ ಜಗಳವಾಡಿದ್ದ. "ಬಲ್ಲೋನು ನಾಲ್ಕು ಕಡೆ ನಕಲು ಇಟ್ಟಿರ್ತಾನೆ ಕಣೇ. ಕಳ್ಕೊಳ್ಳೋನು ಏನೂ ಗೊತ್ತಿಲ್ದೋನೇ. ಕೇಳ್ಬೇಕಾಗಿರೋದು ಅವನನ್ನ," ಎಂದಿದ್ದ. ಗೆದ್ದವಳು ಅವಳು.

ಅವಳು ಹೇಳಿದಳು. ಡಿಸ್ಕು ಎಂದರೆ ಯಾವುದು, ಅದು ಪೆಟ್ಟಿಗೆಯೊಳಗೆ ಎಲ್ಲಿರುತ್ತದೆ ಎಂದು ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಇದು ಪರದೆಯ ಮೇಲೆ ಎರಡು ಸಾಲಿನಲ್ಲಿ ಹಿಡಿಯುವ ಮಾತು ಎಂದು ಹೊಳೆಯಿತು. ದೋನ್ ಫ್ರೊಯ್ಲಾನ್ ಪಾಠ ಕೇಳುವವರಂತೆ ತಲೆದೂಗುತ್ತಿದ್ದರು.

"ಹಾಗಾದ್ರೆ ತಪ್ಪು ಒತ್ತಿದೆ ಅನ್ನಿ," ಎಂದರು ಕೊನೆಗೆ.

"ಇಲ್ಲ. ತಪ್ಪು ನಿಮ್ಮದಲ್ಲ."

"ಮತ್ತೆ ಒತ್ತಿದೋರು ಯಾರು ತಾಯಿ?"

ಮರುದಿನ ಅವರು ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಹದಿನೈದು ದಿನ ಅದರಲ್ಲಿ ಚರ್ಚಿನ ಪೂಜೆ, ಪುರಸಭೆಯ ಭಾಷಣ, ಫುಟ್‌ಬಾಲ್ ಪಂದ್ಯ ಎಲ್ಲವನ್ನೂ ತುಂಬಿದ್ದರು. ಹಾಡುಗಳಿದ್ದ ಜಾಗದ ಮೇಲೆಯೇ ಅವೆಲ್ಲ ಕೂತಿದ್ದವು. ವಾಲ್ಟರ್ ಒಂದು ಕೊಂಕು ಮಾತೂ ಆಡದೆ ಎರಡು ದಿನ ಡಿಸ್ಕನ್ನು ಕೆದಕಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಈ ನಡುವೆ ಅವಳು ನಿರ್ದೇಶಕರ ಕೋಣೆಗೆ ಹೋಗಿ, ಹಂಚಿರುವ ಬಿಲ್ಲೆಗಳನ್ನು ವಾಪಸು ತರಿಸಿ ಎಂದು ಕೇಳಿಕೊಂಡಳು.

"ಮೂರು ಸಾವಿರ ಊರು ಸೇರಾಯ್ತಲ್ಲಮ್ಮ," ಎಂದರು ಅವರು. "ಸುಲಭ ಅಂತ ಎಲ್ಲಾರೂ ಹೊಗಳ್ತಿದಾರೆ. ಮುಂದಿನ ಆವೃತ್ತಿಲಿ ನೋಡೋಣ."

ಶುಕ್ರವಾರ ದೋನ್ ಫ್ರೊಯ್ಲಾನ್ ಮತ್ತೆ ಬಂದಾಗ ಕೇಳಿಸಲು ಸಿಕ್ಕಿದ್ದದ್ದು ಧ್ವನಿಯ ಒಂದೇ ಒಂದು ಚೂರು, ಒಂಬತ್ತು ಸೆಕೆಂಡಿನದು. ವಾಲ್ಟರ್ ತನ್ನ ಕುರ್ಚಿ ಬಿಟ್ಟುಕೊಟ್ಟ. ರೆಮೆದಿಯೋಸ್ ಗುಂಡಿ ಒತ್ತಿದಳು. ದೂರದಲ್ಲಿ ನಾಯಿಯೊಂದು ಬೊಗಳಿತು, ಬೆಂಚು ಕಿರುಗುಟ್ಟಿತು, ಹೆಂಗಸೊಬ್ಬಳು ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ಕಸಿಲ್ದಾ!" ಮುದುಕರ ಮುಖ ಅರಳಿತು. "ವಾಯ್‌ಕುಲಿ ಗುಡ್ಡದ ಕಸಿಲ್ದಾ ಇದು. ಹಾಡೋಕೆ ಮುಂಚೆ ಹೀಗೇ ಮಾಡೋಳು. ಈಗ ಶುರು ಮಾಡ್ತಾಳೆ ನೋಡಿ."

ಪರದೆಯ ಮೇಲೆ ಧ್ವನಿಯ ಸೂಚಿ ಒಂಬತ್ತನೇ ಸೆಕೆಂಡಿನ ಕೊನೆ ಮುಟ್ಟಿ ನಿಂತಿತ್ತು. ರೆಮೆದಿಯೋಸ್ ಏನೋ ಹೇಳಲು ಬಾಯಿ ತೆರೆದಳು. ದೋನ್ ಫ್ರೊಯ್ಲಾನ್ ಕಣ್ಣು ಮುಚ್ಚಿ, ಸ್ಪೀಕರಿನತ್ತ ಕಿವಿ ವಾಲಿಸಿ, ಸದ್ದು ಮಾಡಬೇಡಿ ಎಂಬಂತೆ ಒಂದು ಬೆರಳೆತ್ತಿದರು.