ಸುಮಿತ್ರಮ್ಮನ ಜಗಲಿಯ ಬಿ.ಪಿ. ಮೆಷೀನು

ಕುವೆಂಪುನಗರದ ಆ ಕ್ಲಿನಿಕ್ಕಿನಲ್ಲಿ ನರ್ಸ್ ಅನುಪಮಾಳ ಬೆಳಗು ಶುರುವಾಗುತ್ತಿದ್ದುದೇ ಕಂಪ್ಯೂಟರಿನ ಮುಂದೆ. ಡಾಕ್ಟರ್ ವಿಜಯ್‌ಕುಮಾರ್ ತಮ್ಮ ನಲವತ್ತು ಮಂದಿ ರೋಗಿಗಳ ಮನೆಗೆ ಬಿ.ಪಿ. ಮೆಷೀನು ಕೊಟ್ಟಿದ್ದರು. ಮೆಷೀನಿನ ಹೊಟ್ಟೆಯೊಳಗೇ ಒಂದು ಸಿಮ್ ಇತ್ತು. ತೋಳಿಗೆ ಪಟ್ಟಿ ಸುತ್ತಿಕೊಂಡು ಗುಂಡಿ ಒತ್ತಿದರೆ ಸಾಕು, ಅಂಕಿ ತಾನಾಗಿ ಕ್ಲಿನಿಕ್ಕಿನ ಪರದೆಯ ಮೇಲೆ ಬಂದು ಕೂರುತ್ತಿತ್ತು. ಯಾರದು ಏರಿದೆ, ಯಾರು ನೋಡಿಕೊಂಡೇ ಇಲ್ಲ ಎಂದು ಗಮನಿಸಿ ಫೋನು ಮಾಡುವುದು ಅನುಪಮಾಳ ಕೆಲಸ.

ದಸರಾಕ್ಕೆ ಇನ್ನೆರಡು ವಾರವಿದೆ ಎನ್ನುವಾಗ ಕೃಷ್ಣಮೂರ್ತಿಪುರಂನ ಸುಮಿತ್ರಮ್ಮನ ಅಂಕಿಗಳು ಹುಚ್ಚು ಕುದುರೆಯಂತೆ ಓಡಾಡತೊಡಗಿದವು. ಸುಮಿತ್ರಮ್ಮ ಅಂಗನವಾಡಿ ಟೀಚರಾಗಿ ನಿವೃತ್ತರಾದವರು, ಅರವತ್ಮೂರು ವಯಸ್ಸು, ಮಾತ್ರೆ ತಪ್ಪಿಸದ ಶಿಸ್ತಿನ ಹೆಂಗಸು. ಅವರ ಲೆಕ್ಕದಲ್ಲಿ ಒಂದೇ ಸಂಜೆ ನೂರಾಹತ್ತು, ನೂರಾನಲವತ್ತು, ಮತ್ತೆ ನೂರಾಇಪ್ಪತ್ತು. ಅದಾದರೂ ಹೋಗಲಿ, ನಾಲ್ಕು ದಿನದಿಂದ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಸರಿಯಾಗಿ ಒಂದು ಅಂಕಿ ಬರುತ್ತಿತ್ತು: ನೂರಾತೊಂಬತ್ತಕ್ಕೆ ಕಡಿಮೆಯಿಲ್ಲ. ಫೋನಿನಲ್ಲಿ ಕೇಳಿದರೆ ಸುಮಿತ್ರಮ್ಮ, ತಾನು ಕಲ್ಲುಗುಂಡಿನ ಹಾಗಿದ್ದೇನೆ, ಏಳುವುದೇ ಆರೂವರೆಗೆ ಎಂದರು. ಮೆಷೀನು ಕೆಟ್ಟಿರಬೇಕು, ಹೋಗಿ ನೋಡಿಕೊಂಡು ಬಾ ಎಂದು ಡಾಕ್ಟರು ಹೇಳಿದ ಮೇಲೆ ಅನುಪಮಾ ಸಂಜೆ ಸ್ಕೂಟರ್ ಹತ್ತಿದಳು.

ಮೆಷೀನು ಕೆಟ್ಟಿರಲಿಲ್ಲ. ಅದು ಊರಿಗೆ ಉಪಕಾರಿಯಾಗಿತ್ತು. ಸುಮಿತ್ರಮ್ಮನ ಮನೆಯ ಜಗಲಿಯ ಮೇಲೆ ನಾಲ್ಕು ಜನ ಸಾಲಾಗಿ ಕೂತು ಕಡಲೆಕಾಯಿ ಬಿಡಿಸುತ್ತ ತಮ್ಮ ಸರದಿ ಕಾಯುತ್ತಿದ್ದರು. ಐದನೆಯವರ ತೋಳಿಗೆ ಸುಮಿತ್ರಮ್ಮ ಪಟ್ಟಿ ಸುತ್ತುತ್ತಿದ್ದರು. ಉಸಿರೆತ್ತಬೇಡಿ, ಕಾಲು ನೆಲಕ್ಕೆ ಊರಿ ಎಂದು ಅಂಗನವಾಡಿ ಮಕ್ಕಳನ್ನು ಗದರುವ ದನಿಯಲ್ಲೇ ಹೇಳುತ್ತಿದ್ದರು. ಅನುಪಮಾಳನ್ನು ಕಂಡು ಅವರಿಗೆ ಸಂಕೋಚವೇನೂ ಆಗಲಿಲ್ಲ.

"ಊದಿನಕಡ್ಡಿ ಹಚ್ಚಿದ್ಮೇಲೆ ಪರಿಮಳ ನಮ್ಮನೇಗೆ ಮಾತ್ರ ಇರ್ಲಿ ಅನ್ನೋಕಾಗುತ್ತೇನಮ್ಮ?" ಎಂದರು.

ಅನುಪಮಾಳಿಗೆ ನಗು ಬಂತು, ಜೊತೆಗೆ ದಿಗಿಲೂ ಆಯಿತು. ಸಂಜೆಯ ಅಂಕಿಗಳೇನೋ ಇವರವು. ಆದರೆ ಬೆಳಗಿನ ನೂರಾತೊಂಬತ್ತು ಯಾರದು? ಕೂತವರೆಲ್ಲ ತಮ್ಮದಲ್ಲ ಎಂದರು. ಮೆಷೀನು ರಾತ್ರಿಯಿಡೀ ಜಗಲಿಯ ಕಿಟಕಿಯಲ್ಲೇ ಇರುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು ಎಂದು ಸುಮಿತ್ರಮ್ಮ ಒಪ್ಪಿಕೊಂಡರು. ಇಷ್ಟು ದೊಡ್ಡ ರಕ್ತದೊತ್ತಡ ಹೊತ್ತುಕೊಂಡು ಈ ಬೀದಿಯಲ್ಲಿ ಯಾರೋ ಸುಮ್ಮನೆ ತಿರುಗುತ್ತಿದ್ದಾರೆ ಎಂಬುದು ಅನುಪಮಾಳಿಗೆ ಸಮಾಧಾನ ಕೊಡಲಿಲ್ಲ. ಅವಳು ಪಟ್ಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಅಂಟಿಕೊಳ್ಳುವ ಒರಟು ಭಾಗದ ಸಂದಿಯಲ್ಲಿ ಕೆಂಪು ಮಣ್ಣು ಮೆತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಅರಿಸಿನ, ಕರ್ಪೂರದ ವಾಸನೆ.

ಸುಮಿತ್ರಮ್ಮನೂ ಮೂಸಿ ನೋಡಿದರು. "ಇದು ಗರಡಿ ಮಣ್ಣು ಕಣಮ್ಮ, ಅರಿಸಿನ ಕರ್ಪೂರ ಬೆರೆಸೋದು ಅದಕ್ಕೇ" ಎಂದರು.

ಹಿಂದಿನ ಬೀದಿಯಲ್ಲೇ ಗರಡಿಮನೆ. ಅಲ್ಲಿ ಕುಸ್ತಿ ಕಲಿಸುವವನು ಪೈಲ್ವಾನ್ ರೇವಣಸಿದ್ದ. ಐವತ್ಮೂರರ ಆಳು, ಬಾಗಿಲು ತುಂಬುವ ಮೈಕಟ್ಟು; ಅಲ್ಲಿ ಉಳಿದವರೆಲ್ಲ ಹುಡುಗರೇ. ಜಗಲಿಯ ಸಾಲನ್ನು ಕಂಡಾಗಲೆಲ್ಲ, ದಿನಾ ನೂರು ಬಸ್ಕಿ ಹೊಡೆದರೆ ಬಿ.ಪಿ. ಹತ್ತಿರ ಸುಳಿಯುವುದಿಲ್ಲ ಎಂದು ಹಾಸ್ಯ ಮಾಡಿಕೊಂಡು ಹೋಗುವವನು. ಅನುಪಮಾ ಹೊಸಿಲಿನಾಚೆ ನಿಂತು ಅವನನ್ನು ಹೊರಗೆ ಕರೆಸಿದಳು. ಬೆಳಗಿನ ಅಂಕಿ ನಿಮ್ಮದೇ ಅಲ್ಲವೇ ಎಂದು ಮೆಲ್ಲಗೆ ಕೇಳಿದಾಗ ಅವನು ಒಳಗಿದ್ದ ಹುಡುಗರ ಕಡೆ ಒಮ್ಮೆ ತಿರುಗಿ ನೋಡಿ, ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತ.

ತಮಾಷೆಗೆ ಒಂದು ದಿನ ಪಟ್ಟಿ ಕಟ್ಟಿಕೊಂಡಿದ್ದನಂತೆ. ಅಂಕಿ ನೋಡಿದೊಡನೆ ಗುರುಗಳ ನೆನಪಾಯಿತು. ಅವನಿಗೆ ಕುಸ್ತಿ ಕಲಿಸಿದ ಗುರುಗಳು ಐವತ್ನಾಲ್ಕಕ್ಕೆ ಬಿ.ಪಿ. ಏರಿ, ಮಾತಾಡುತ್ತಿದ್ದ ಹಾಗೆಯೇ ಬಿದ್ದು ಒಂದು ಪಾರ್ಶ್ವದ ಸ್ವಾಧೀನ ಕಳೆದುಕೊಂಡಿದ್ದರು. ಅಂದಿನಿಂದ ಬೆಳಗಿನ ಸಾಮು ಮುಗಿದ ಕೂಡಲೇ ಕದ್ದು ಬಂದು ನೋಡಿಕೊಳ್ಳುವುದು, ಮನೆಗೆ ಹೋಗಿ ಊಟ ಸೇರದೆ ಮಲಗುವುದು. ದಸರಾ ಕುಸ್ತಿಗೆ ತೀರ್ಪುಗಾರನಾಗಿ ಬರಲಾಗುವುದಿಲ್ಲ ಎಂದೂ ಹೇಳಿ ಕಳಿಸಿಬಿಟ್ಟಿದ್ದ. ಗೊತ್ತಾದರೆ ಹುಡುಗರು ಗರಡಿ ಬಿಟ್ಟಾರೆಂದು ಹೆಂಡತಿ ಚಾಮುಂಡೇಶ್ವರಿಗೂ ತಿಳಿಸಿರಲಿಲ್ಲ.

"ಎಷ್ಟೋ ಹುಡುಗ್ರ ಬೆನ್ನು ತಟ್ಟಿ ಎದರಬ್ಯಾಡ ಅಂದೋನು ನಾನು," ಎಂದ. "ಈಗ ಆ ಗುಂಡಿ ಒತ್ತೋಕೆ ನನಗೇ ಎದರಿಕೆ ಕಣಮ್ಮ."

ಅನುಪಮಾಳಿಗೆ ಥಟ್ಟನೆ ಏನೋ ಹೊಳೆಯಿತು. ಬ್ಯಾಗಿನಿಂದ ಅಳತೆ ಟೇಪು ತೆಗೆದು ಅವನ ತೋಳಿಗೆ ಸುತ್ತಿದಳು. ನಲವತ್ತು ಸೆಂಟಿಮೀಟರು. ಸುಮಿತ್ರಮ್ಮನ ಪಟ್ಟಿ ಮೂವತ್ತೆರಡರವರೆಗಿನ ತೋಳಿಗೆ ಮಾತ್ರ. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಅಂಕಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಸಾಮು ಮಾಡಿ ಏದುಸಿರಲ್ಲಿ ನೋಡಿದರೆ ಇನ್ನೂ ಹೆಚ್ಚು ಎಂದು ಬಿಡಿಸಿ ಹೇಳಿದಳು. ಅವನು ನಂಬಲೋ ಬೇಡವೋ ಎಂಬಂತೆ ಅವಳ ಮುಖವನ್ನೇ ನೋಡಿದ. ಹಾಗೆಂದು ನಿಮಗೇನೂ ಇಲ್ಲ ಎಂದು ನಾನು ಹೇಳುತ್ತಿಲ್ಲ, ಸರಿಯಾಗಿ ನೋಡೋಣ, ಅಲ್ಲಿಯವರೆಗೆ ಸಾಮು ಬೇಡ ಎಂದಳು.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಅವನನ್ನು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ ದೊಡ್ಡ ಪಟ್ಟಿ ಕಟ್ಟಿದರು. ನೂರಾಐವತ್ತಾರು, ಕೆಳಗೆ ತೊಂಬತ್ತಾರು. ಇನ್ನೊಂದು ತೋಳಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಇ.ಸಿ.ಜಿ., ರಕ್ತ, ಮೂತ್ರ ಎಲ್ಲ ನೋಡಿದ ವಿಜಯ್‌ಕುಮಾರ್, ಬಿ.ಪಿ. ಇರುವುದು ನಿಜ, ಮಾತ್ರೆ ಬೇಕು, ಆದರೆ ಹೆದರುವಂಥದ್ದಲ್ಲ ಎಂದರು. ಹತೋಟಿಗೆ ಬರುವ ತನಕ ಭಾರ ಎತ್ತುವುದು ಬೇಡ, ಉಪ್ಪಿನಕಾಯಿ ಕಡಿಮೆ ಮಾಡಿ ಎಂದರು. ತೀರ್ಪುಗಾರನಾಗಬಹುದೇ ಎಂದು ಅವನು ಕೇಳಿದ್ದಕ್ಕೆ, ಶಿಳ್ಳೆ ಊದಲು ಅಡ್ಡಿಯಿಲ್ಲ, ನೀವೇ ಅಖಾಡಕ್ಕೆ ಧುಮುಕದಿದ್ದರೆ ಸರಿ ಎಂದು ನಕ್ಕರು. ರೇವಣಸಿದ್ದ ಅಲ್ಲೇ ನಿಂತು ಹೆಂಡತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ಬಂದ ಬೈಗುಳ ಕೊಠಡಿಗೆಲ್ಲ ಕೇಳಿಸಿತು. ಅವನ ಮುಖದಲ್ಲಿ ಮಾತ್ರ ಹಬ್ಬದ ಕಳೆಯಿತ್ತು.

ಮನೆಗೆ ಮರಳಿದವನು ಮೂರು ತಟ್ಟೆ ಅನ್ನ ಉಂಡನೆಂದು ಆಮೇಲೆ ಚಾಮುಂಡೇಶ್ವರಿಯೇ ಹೇಳಿದಳು.

ದಸರಾ ಕುಸ್ತಿಯಲ್ಲಿ ಅವನು ಬಿಳಿ ಬಟ್ಟೆ ಉಟ್ಟು ಶಿಳ್ಳೆ ಊದಿದ. ಹಬ್ಬ ಕಳೆದ ಮೇಲೆ ಒಂದು ಸಂಜೆ ಗರಡಿಯ ಹುಡುಗರನ್ನೆಲ್ಲ ಕೂರಿಸಿಕೊಂಡು, ತನಗೆ ಬಿ.ಪಿ. ಇದೆ, ಮಾತ್ರೆ ತಿನ್ನುತ್ತಿದ್ದೇನೆ, ನಿಮ್ಮ ಅಪ್ಪ ಅಮ್ಮಂದಿರನ್ನೂ ಕರೆತಂದು ತೋರಿಸಿ ಎಂದು ಹೇಳಿದ. ಒಬ್ಬರೂ ಗರಡಿ ಬಿಟ್ಟು ಹೋಗಲಿಲ್ಲ. ಡಾಕ್ಟರು ಜಗಲಿಯ ಮೆಷೀನಿಗೆ ಒಂದು ದೊಡ್ಡ ಪಟ್ಟಿಯನ್ನೂ ಕೊಟ್ಟರು. ಒಬ್ಬೊಬ್ಬರಿಗೂ ಒಂದೊಂದು ನಂಬರು ಗೊತ್ತುಮಾಡಿದ್ದರಿಂದ ಯಾರ ಅಂಕಿ ಯಾರದೆಂದು ಪರದೆಯ ಮೇಲೆ ಬೇರೆಬೇರೆಯಾಗಿ ಕಾಣುವಂತಾಯಿತು.

ಡಿಸೆಂಬರಿನಲ್ಲಿ ಅನುಪಮಾ ಆ ಬೀದಿಗೆ ಹೋದಾಗ ಜಗಲಿ ತುಂಬಿತ್ತು. ಸಾಲಿನಲ್ಲಿ ಮೂರನೆಯವನಾಗಿ ರೇವಣಸಿದ್ದ ಕೂತಿದ್ದ. ಸುಮಿತ್ರಮ್ಮ ಅವನ ಮುಂದೆ ನೆನೆಸಿದ ಅವರೆಕಾಳಿನ ದೊಡ್ಡ ಬೋಗುಣಿ ಇಟ್ಟಿದ್ದರು. ಅವನು ತನ್ನ ದಪ್ಪ ಹೆಬ್ಬೆರಳಲ್ಲಿ ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡುತ್ತಿದ್ದ. ಸರದಿ ಬಂತು ಎಂದು ಕರೆದರೂ ಏಳಲಿಲ್ಲ.

"ಇನ್ನೊಂದಿಡಿ ಅದೆ, ಮುಗಿಸ್ಬುಡ್ತೀನಿ ಇರಿ," ಎಂದು ಹಿಂದೆ ಕೂತಿದ್ದ ಹೆಂಗಸಿನ ಕಡೆ ಕೈ ತೋರಿದ. "ಮೊದ್ಲು ಆಯಮ್ಮಂಗೆ ನೋಡಿ."