ಜುಲೈಯಲ್ಲಿ ಹಚ್ಚಿದ ಬೆಂಕಿ

ಹಳೆಯ ಪಂಚಾಂಗಗಳನ್ನು ಮನೆಮನೆಯಿಂದ ಕಿತ್ತು ತಂದು ಕಚೇರಿಗೆ ಒಪ್ಪಿಸಿದವನು ಊರ ಮುಖಂಡ ಜಿನ್ರೊಕುವೇ. ಒಂದನ್ನು ಮಾತ್ರ ತನ್ನ ಅಕ್ಕಿಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟುಕೊಂಡಿದ್ದ.

ಅದು ಮೇಜಿ ಚಕ್ರವರ್ತಿಯ ಆಳ್ವಿಕೆಯ ಆರನೆಯ ವರ್ಷ. ಚಂದ್ರನನ್ನು ನೋಡಿ ತಿಂಗಳು ಎಣಿಸುವುದು ಸರ್ಕಾರಕ್ಕೆ ನಾಚಿಕೆಯಾಗಿತ್ತು; ಪಶ್ಚಿಮದವರ ಜನವರಿ-ಡಿಸೆಂಬರ್ ಲೆಕ್ಕ ತಂದಿತ್ತು. ಬಾಗಿಲಲ್ಲಿ ಬೆಂಕಿ ಹಚ್ಚಿ ಸತ್ತವರನ್ನು ಮನೆಗೆ ಕರೆಯುವ ಬೊನ್ ಹಬ್ಬ ಮೌಢ್ಯವಂತೆ, ನಿಷೇಧವಂತೆ. ಹೊಸ ಪಂಚಾಂಗದಲ್ಲಿ ಚಕ್ರವರ್ತಿಯ ಪೂರ್ವಜರಿಗೆ ರಜೆಯ ದಿನಗಳಿದ್ದವು, ಜ್ವರದಲ್ಲಿ ಸತ್ತ ರೈತನಿಗೆ ಒಂದು ಸಂಜೆಯೂ ಇರಲಿಲ್ಲ. ಆ ಆಜ್ಞೆಗೆ ಊರಿನ ಪರವಾಗಿ ಮುದ್ರೆ ಒತ್ತಿದವನೂ ಜಿನ್ರೊಕುವೇ.

ವಸಂತದಲ್ಲಿ ತೀರಿಕೊಂಡ ಅವನ ತಮ್ಮ ತಮೆಜಿಯ ಹೆಂಡತಿ ಒಶಿನೊ ಬಂದು ಕೇಳಿದ್ದಳು: "ಭಾವ, ಇವರದು ಮೊದಲನೇ ಬೊನ್. ಏಳನೇ ತಿಂಗಳ ಹದಿಮೂರು ಯಾವತ್ತು ಬೀಳುತ್ತೆ?"

ಬಚ್ಚಿಟ್ಟ ಪಂಚಾಂಗದಿಂದ ಅವನಿಗೆ ಗೊತ್ತಿತ್ತು, ಹೊಸ ಲೆಕ್ಕದಲ್ಲಿ ಅದು ಸೆಪ್ಟೆಂಬರ್ ನಾಲ್ಕು. ಅವತ್ತು ಪೊಲೀಸ್ ಊರು ಸುತ್ತುತ್ತಾನೆಂದೂ ಗೊತ್ತಿತ್ತು.

"ಹದಿಮೂರು ಅಂದ್ರೆ ಹದಿಮೂರೇ ಕಣಮ್ಮ. ಏಳನೇ ತಿಂಗಳು ಅಂದ್ರೆ ಈಗ ಜುಲೈ. ಆಗಲೇ ಹಿತ್ತಲಲ್ಲಿ ಮಾಡಿ ಮುಗಿಸು, ಯಾರೂ ನೋಡಲ್ಲ."

ಜುಲೈಯಲ್ಲಿ ಬದನೆ ಇನ್ನೂ ಹೂವಿನಲ್ಲಿತ್ತು. ಸತ್ತವರು ಹಿಂದಿರುಗಲು ಬದನೆಕಾಯಿಗೆ ಕಡ್ಡಿಯ ಕಾಲು ಸಿಕ್ಕಿಸಿ ಎತ್ತು ಮಾಡಬೇಕು. ಒಶಿನೊ ಹುಲ್ಲಿನಲ್ಲೇ ಮಾಡಿದಳು. ಹದಿಮೂರರ ಮುಸ್ಸಂಜೆಗೆ ಇರಬೇಕಾದ ಚಂದ್ರನೂ ಇರಲಿಲ್ಲ.

"ಅವರು ಬರಲಿಲ್ಲ ಭಾವ," ಎಂದಳು ಮರುದಿನ. "ಕೊನೆಗಳಿಗೆಯಲ್ಲಿ ನೀರು ಕೇಳಿದಾಗ ನಾನು ಗದ್ದೆಯಲ್ಲಿದ್ದೆ ನೋಡಿ, ಆ ಸಿಟ್ಟು ಹೋಗಿಲ್ಲ."

ಅಂದಿನಿಂದ ಜಿನ್ರೊಕು ಅವಳ ಮನೆಯ ಮುಂದಿನ ದಾರಿ ಬಿಟ್ಟು ಬಳಸಿ ಓಡಾಡಿದ.

ಸೆಪ್ಟೆಂಬರ್ ನಾಲ್ಕರ ಸಂಜೆ ತೀರಿಹೋದ ಅಪ್ಪ ಅಮ್ಮನಿಗೆಂದು ಹಿತ್ತಲಲ್ಲಿ ಕದ್ದು ಸೆಣಬಿನ ಕಡ್ಡಿ ಹಚ್ಚಿದ್ದ. ಬದನೆಕಾಯಿ ಕೊಡಲು ಬಂದ ಒಶಿನೊ ಬೇಲಿಯ ಬಳಿಯೇ ನಿಂತಳು. ಬೆಂಕಿ ನೋಡಿದಳು, ಮೇಲೆ ತುಂಬುತ್ತಿದ್ದ ಚಂದ್ರನನ್ನು ನೋಡಿದಳು.

"ಇವತ್ತಾ?"

"ಇವತ್ತೇ."

"ಆಗಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಎರಡು ತಿಂಗಳು ನನ್ನನ್ನೇ ಶಪಿಸಿಕೊಂಡೆನಲ್ಲ ಭಾವ."

ಜಿನ್ರೊಕು ಉರಿಯುವ ಕಡ್ಡಿಗಳನ್ನು ಹಿಡಿಯಷ್ಟು ಎತ್ತಿಕೊಂಡು ನಡುಬೀದಿಗಿಳಿದ. ಪೊಲೀಸ್ ಅಡ್ಡ ಬಂದ.

"ಏನಿದು, ಮುಖಂಡರೇ? ಮುದ್ರೆ ಒತ್ತಿದ್ದು ಮರೆತುಹೋಯ್ತಾ?"

"ಮರೆತಿಲ್ಲ. ನನ್ನ ತಮ್ಮ ಬರ್ತಿದ್ದಾನೆ. ಹೆಸರು ಬರ್ಕೊಳ್ಳಿ, ನನ್ನದು."

ಒಶಿನೊಳ ಬಾಗಿಲ ಮುಂದೆ ಬೆಂಕಿ ಇಟ್ಟ. ಕೈ ಸುಟ್ಟಿತ್ತು; ಅದರಿಂದ ಏನೂ ಹಗುರಾಗಲಿಲ್ಲ. ಅವಳು ಮಂಡಿಯೂರಿ ಕೂತು ಕೈ ಮುಗಿದಳು, ಅವನ ಕಡೆ ತಿರುಗಲಿಲ್ಲ.

"ಅತ್ತ ಹೋಗಿ ನಿಲ್ಲಿ ಭಾವ," ಎಂದಳು. "ಬರುತ್ತಲೇ ನಿಮ್ಮ ಮುಖ ಕಾಣೋದು ಬೇಡ ಅವರಿಗೆ."