ಎರಡೆರಡು ಸಲ ಬೇಡ

ಮೈದಾ ಅಂಟು ಕುದಿಯುವಾಗ ಚಿಟಿಕೆ ಮೈಲುತುತ್ತ ಹಾಕಿದರೆ ಒಂದು ಹುಳಿಹುಳಿ ವಾಸನೆ ಏಳುತ್ತದೆ. ಬೈಂಡಿಂಗ್ ಅಕ್ಕನ ಪಾಲಿಗೆ ಅದು ಅಪ್ಪನ ಅಂಗಿಯ ವಾಸನೆ. ಚಿಕ್ಕವಳಿದ್ದಾಗ ಆ ಅಂಗಿಗೆ ಮೂಗು ತೂರಿಸಿಕೊಂಡೇ ಅವಳು ನಿದ್ದೆ ಹೋಗುತ್ತಿದ್ದಳು; ತಂಗಿ ಮಾತ್ರ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ಹೊರಳುತ್ತಿದ್ದಳು. ಮುಂದೆ ಅಪ್ಪನ ಬೈಂಡಿಂಗ್ ಅಂಗಡಿ ಜಗಳವಿಲ್ಲದೆ ಅಕ್ಕನದಾಯಿತು. ತಂಗಿ ಉಣ್ಣೆ, ಕಡ್ಡಿ ಹಿಡಿದಳು.

ಇವತ್ತು ಅಕ್ಕನಿಗೆ ಅರವತ್ತೈದು ತುಂಬಿದ ದಿನ. ಬೆಳಗ್ಗೆ ಹತ್ತಕ್ಕೆ ತಂಗಿ ಬರಬೇಕಿತ್ತು. ಹನ್ನೊಂದು ವರ್ಷದಿಂದ ತಪ್ಪಿಸಿದವಳಲ್ಲ: ಬರುವುದು, ತಾನೇ ಹೆಣೆದ ಶಾಲು ಕೈಗಿಡುವುದು, "ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ" ಅಂತ ನಿಂತ ಕಾಲಲ್ಲೇ ಹೊರಟುಬಿಡುವುದು. ಇವತ್ತು ಹನ್ನೊಂದೂವರೆಯಾದರೂ ಪತ್ತೆಯಿಲ್ಲ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ.

ಯಾರ ಮನಸ್ಸೂ ನೋಯದಿರಲಿ ಅಂತಲೇ ಅವಳು ಕಾಗದ ಬರೆದದ್ದು. ಅಂಗಡಿಯ ಮೇಲಿನ ಒಂದೇ ಕೋಣೆ ಅವಳ ಮನೆ. ಮಂಚದ ಕೆಳಗೆ ಉಡುಗೊರೆಯಾಗಿ ಬಂದ, ಪೊಟ್ಟಣ ಬಿಚ್ಚದ ಗಡಿಯಾರ ಮೂರು, ಹೂದಾನಿ ನಾಲ್ಕು. ಬೀರುವಿನ ತುಂಬ ಶಾಲು, ಬಾಗಿಲು ಹಾಕಬೇಕಾದರೆ ಮಂಡಿ ಕೊಟ್ಟು ಒತ್ತಬೇಕು. ಎದುರಿಗೆ ನಿಂತು "ಬೇಡ" ಅನ್ನಲು ಹೋದರೆ ಬಾಯಿಂದ "ಅಯ್ಯೋ, ಎಷ್ಟು ಚೆನ್ನಾಗಿದೆ!" ಅಂತ ಬರುತ್ತಿತ್ತು. ಹಾಗಾಗಿ ಈ ಸಲ ಪಕ್ಕದ ಪ್ರೆಸ್ಸಿನಲ್ಲಿ ಎರಡು ಹಾಳೆಯ ಕಾಗದ ಅಚ್ಚು ಹಾಕಿಸಿದಳು. ಇಪ್ಪತ್ತು ಪ್ರತಿ ಜೋಡಿಸಿ, ಅಭ್ಯಾಸಬಲದಿಂದ ಒಂದೊಂದನ್ನೂ ದಾರ ಹಾಕಿ ಹೊಲಿದು, ನೆಂಟರಿಷ್ಟರಿಗೆ ಕಳಿಸಿದಳು. ಮೊದಲ ಹಾಳೆಯಲ್ಲಿದ್ದದ್ದು: ಹುಟ್ಟುಹಬ್ಬಕ್ಕೆ ದಯವಿಟ್ಟು ಏನೂ ತರಬೇಡಿ, ಮನೆಯಲ್ಲಿ ಇನ್ನು ಜಾಗವಿಲ್ಲ. ಎರಡನೆಯದರಲ್ಲಿ: ಕೊಡಲೇಬೇಕು ಅನಿಸಿದರೆ ನಿಮ್ಮಲ್ಲಿರುವ ಹರಿದ ಪುಸ್ತಕ ಕೊಡಿ, ಹೊಲಿದು ಲೈಬ್ರರಿಗೆ ಕೊಡೋಣ, ಇಲ್ಲವೇ ಅರ್ಧ ದಿನ ಬಂದು ನನ್ನ ಪಕ್ಕ ಕೂತುಕೊಳ್ಳಿ. ಆ ಕೊನೆಯ ಮಾತು ತಂಗಿಯೊಬ್ಬಳಿಗಾಗಿಯೇ ಬರೆದದ್ದು. ಉಳಿದವರಿಗೂ ಹೋಯಿತು, ಅಷ್ಟೇ.

ಮೊದಲು ಬಂದವರು ಎದುರುಮನೆಯ ನರ್ಸಮ್ಮ. ಹೊಸ್ತಿಲಾಚೆಯೇ ನಿಂತು ಎರಡೂ ಅಂಗೈ ತೋರಿಸಿದರು.

"ನೋಡ್ಕೊಳ್ಳಿ ಅಕ್ಕಾ, ಬರಿಗೈ. ಒಳಗೆ ಬರಬಹುದಾ, ನನಗೂ ಜಾಗ ಇಲ್ವಾ?"

"ಇದೆಂಥ ಮಾತು! ಬನ್ನಿ, ಕೂತ್ಕೊಳ್ಳಿ."

"ಅಷ್ಟು ಖಡಕ್ಕಾಗಿ ಬರೆದಿದ್ದೀರಿ, ನಿಲ್ಲೋಕೂ ಭಯ ನನಗೆ." ನಗುತ್ತಲೇ ಅವರು ಅಕ್ಕನ ಕನ್ನಡಕ ತೆಗೆದು, ಅಂಟಿನ ಕಲೆ ಒರೆಸಿ, ಮತ್ತೆ ಮೂಗಿನ ಮೇಲಿಟ್ಟರು. ದಿನಾ ಮಾಡುವ ಕೆಲಸ, ಯಾರೂ ಹೇಳಿದ್ದಲ್ಲ. ಆಮೇಲೆ ದನಿ ತಗ್ಗಿಸಿದರು. "ನಿನ್ನೆ ನಿಮ್ಮ ತಂಗಿ ತರಕಾರಿ ಅಂಗಡೀಲಿ ಸಿಕ್ಕಿದ್ರು. ನಿಮ್ಮ ಮಾತೆತ್ತಿದ್ದೇ ತಡ, ಮುಖ ಊದಿಸಿಕೊಂಡು ಹೋಗೇಬಿಟ್ರು."

ಅರ್ಧ ದಿನ ಕೂತುಕೋ ಅಂದದ್ದಕ್ಕೆ ಇಷ್ಟು ಕೋಪವೇ?

ಅಷ್ಟರಲ್ಲಿ ಹಿಂದೆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ ಮೇಷ್ಟ್ರು ಬಂದರು. ಕಂಕುಳಲ್ಲಿ ಎರಡು ಹರಿದ ನಿಘಂಟು, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಮೇಜುದೀಪ.

"ಮೇಷ್ಟ್ರೇ, ಏನೂ ತರಬೇಡಿ ಅಂತ ಬರೆದಿದ್ದೆನಲ್ಲ!"

"ಎಲ್ಲಿ ಬರೆದಿದ್ದೀರಿ? ಹರಿದ ಪುಸ್ತಕ ಕೊಡಿ ಅಂದಿದ್ದೀರಿ, ಅದೂ ಎರಡು ಸಲ. ಅದಕ್ಕೇ ಎರಡು ಪುಸ್ತಕ. ದೀಪ ನನ್ನ ಖುಷಿಗೆ." ಜೇಬಿನಿಂದ ಕಾಗದ ತೆಗೆದು ತೋರಿಸಿದರು. ಎರಡೂ ಹಾಳೆಯಲ್ಲಿ ಒಂದೇ ಮಾತು.

"ನಲವತ್ತು ವರ್ಷ ಕರಡು ತಿದ್ದಿದವರು, ಇದು ಕಾಣಲಿಲ್ವಾ ನಿಮಗೆ?"

"ಕಂಡಿತಮ್ಮ. ಒತ್ತಿ ಹೇಳ್ತಿದ್ದೀರಿ ಅಂದ್ಕೊಂಡೆ. ರಿಟೈರಾದ ಮೇಲೆ ಯಾರ ತಪ್ಪನ್ನೂ ಹಿಡಿಯಲ್ಲ ಅಂತ ಹೆಂಡತಿಗೆ ಆಣೆ ಮಾಡಿದ್ದೀನಿ."

ನರ್ಸಮ್ಮನೂ ಚೀಲದಿಂದ ತಮ್ಮದನ್ನು ತೆಗೆದರು. ಅದರಲ್ಲಿ ಎರಡು ಸಲವೂ "ಏನೂ ತರಬೇಡಿ".

ಅಕ್ಕ ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಪ್ರೆಸ್ಸಿನಿಂದ ಹತ್ತತ್ತು ಹಾಳೆಯ ನಾಲ್ಕು ಕಟ್ಟು ಬಂದಿದ್ದವು. ಮೊದಲ ಹಾಳೆಯ ಕಟ್ಟು ಎರಡನ್ನೂ ಎಡಕ್ಕೆ, ಎರಡನೇ ಹಾಳೆಯ ಕಟ್ಟು ಎರಡನ್ನೂ ಬಲಕ್ಕೆ ಇಡಬೇಕಿತ್ತು. ಅವಳು ಎಡಕ್ಕೂ ಬಲಕ್ಕೂ ಮೊದಲ ಹಾಳೆಯದೊಂದು ಕಟ್ಟು, ಅದರ ಕೆಳಗೆ ಎರಡನೆಯದರದೊಂದು ಕಟ್ಟು ಇಟ್ಟು, ಎಡದಿಂದೊಂದು ಬಲದಿಂದೊಂದು ಎತ್ತಿ ಹೊಲಿದಿದ್ದಳು. ಸಾವಿರಾರು ಪುಸ್ತಕ ಹೊಲಿದ ಕೈ! ಪುಸ್ತಕವಾದರೆ ಪುಟದ ಸಂಖ್ಯೆ ನೋಡುತ್ತಿದ್ದಳು. ತನ್ನದೇ ಕಾಗದಕ್ಕೆ ಸಂಖ್ಯೆ ಯಾಕೆ ಅಂತ ಬಿಟ್ಟಿದ್ದಳು.

ಹಾಗಾದರೆ ತಂಗಿಗೆ ಹೋದದ್ದು ಯಾವುದು? ಕೇಳುವುದೇ ಬೇಕಿರಲಿಲ್ಲ. ಮೇಷ್ಟ್ರ ಕಾಗದದ ದಾರ ಕತ್ತರಿಸಿ, ಒಂದು ಹಾಳೆ ಮಡಚಿಕೊಂಡು, ಅಂಗಡಿಯನ್ನು ಅವರಿಬ್ಬರ ಕೈಗೇ ಬಿಟ್ಟು ಹೊರಟಳು.

ಎರಡು ಬೀದಿಯಾಚೆ ತಂಗಿಯ ಮನೆ. ಬಾಗಿಲು ತೆಗೆದವಳು ದಾರಿ ಬಿಡಲಿಲ್ಲ.

"ಒಂದು ಸಲ ಬೇಡ ಅಂದಿದ್ರೆ ಸಾಲ್ತಿರಲಿಲ್ವಾ? ಎರಡೆರಡು ಸಲ ಯಾಕೆ, ನನಗೆ ಓದೋಕೆ ಬರಲ್ಲ ಅಂತಲಾ?"

"ಜೋಡಿಸುವಾಗ ಎಡವಟ್ಟಾಯ್ತು ಕಣೆ. ಇದು ನಿನಗೆ ಬರಬೇಕಾಗಿದ್ದ ಹಾಳೆ."

ತಂಗಿ ಬಾಗಿಲಲ್ಲೇ ನಿಂತು ಓದಿದಳು. ಮತ್ತೊಮ್ಮೆ ಓದಿದಳು. "ಸರಿ. ಹಾಗಾದ್ರೆ ಮೊದಲನೇ ಹಾಳೆ ಸುಳ್ಳಾ?"

ಹೌದು ಅಂದರೆ ಹನ್ನೆರಡನೇ ಶಾಲು ಬರುತ್ತದೆ. ಇಲ್ಲ ಅಂದರೆ ಏನಾಗುತ್ತದೋ ಗೊತ್ತಿಲ್ಲ. "ಸುಳ್ಳಲ್ಲ," ಅಂದಳು ಅಕ್ಕ.

"ವರ್ಷ ವರ್ಷ ಚೆನ್ನಾಗಿದೆ ಅಂತಿದ್ದೆ."

"ಚೆನ್ನಾಗೇ ಇದ್ವು. ನೀನೇ ಒಂದು ಗಳಿಗೆ ಕೂರ್ತಿರಲಿಲ್ಲ."

"ಕೂರು ಅಂತ ನೀನು ಅಂದಿದ್ಯಾ?"

ಅಕ್ಕ ನೆನಪಿಸಿಕೊಳ್ಳಲು ನೋಡಿದಳು. ಪ್ರತಿ ವರ್ಷ ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟದ್ದು ನೆನಪಾಯಿತು. ಕೂರು ಅಂದದ್ದು ಮಾತ್ರ ಎಷ್ಟು ಕೆದಕಿದರೂ ಸಿಗಲಿಲ್ಲ.

ತಂಗಿ ಸರ್ರನೆ ಅಡುಗೆಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಇದು ಬಾ ಅಂತಲೋ, ಹೋಗು ಅಂತಲೋ? ಅಕ್ಕ ಚಪ್ಪಲಿ ಬಿಟ್ಟಳು, ಮತ್ತೆ ಮೆಟ್ಟಿದಳು, ಮತ್ತೆ ಬಿಟ್ಟು ಒಳಗೆ ಬಂದಳು. ಇದ್ದ ಒಂದೇ ಕುರ್ಚಿಯ ಮೇಲೆ ಅರ್ಧ ಹೆಣೆದ ಹಸಿರು ಶಾಲು, ಕಡ್ಡಿ ಸಮೇತ ಬಿದ್ದಿತ್ತು. ಒಳಗೆ ಪಾತ್ರೆಯ ಸದ್ದು. ಅದು ಕೋಪದ ಸದ್ದೋ ಕೆಲಸದ ಸದ್ದೋ ಅವಳಿಗೆ ತಿಳಿಯಲಿಲ್ಲ.

ತಂಗಿ ಒಂದು ಕೈಯಲ್ಲಿ ತಟ್ಟೆ ಹಿಡಿದು ಹೊರಗೆ ಬಂದಳು. ಶಾಲನ್ನು ಕುರ್ಚಿಯಿಂದೆತ್ತಿ ಕಿಟಕಿಯ ಕಟ್ಟೆಗೆ ಹಾಕಿದಳು. ಆಮೇಲೆ ಬಿಸಿ ಅನ್ನ, ಬೇಯಿಸಿದ ಬೀನ್ಸ್, ಎರಡು ಹೋಳು ಮಾಡಿದ ಮೊಟ್ಟೆ ಇದ್ದ ಆ ತಟ್ಟೆಯನ್ನು, ಕುರ್ಚಿಯತ್ತ ಕಣ್ಸನ್ನೆ ಮಾಡಿ, ಅಕ್ಕನ ಕೈಗಿಟ್ಟಳು.